‘ಕಾಲ’ವೂ ‘ಕೂಲಿ’ಯೂ ‘ಕಲ’ ಆದರೆ ದೂರು ಯಾರಿಗೆ?

ಪ್ರಶ್ನೆ: ನಮ್ಮ ಊರಿನ ಸಾಹಿತ್ಯ ಬಳಗಕ್ಕಾಗಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಜಾಂಗೋ ಫ್ರೇಮ್‌ವರ್ಕಿನಲ್ಲಿ ಒಂದು ಜಾಲತಾಣ ಕಟ್ಟಿದ್ದೇನೆ. ಕವಿತೆಯ ಶೀರ್ಷಿಕೆಯಿಂದಲೇ ಆ ಪುಟದ ವಿಳಾಸದ ತುಂಡು, ಅಂದರೆ ಸ್ಲಗ್, ತಯಾರಾಗುತ್ತದೆ. ‘ಕಾಲ’ ಎಂಬ ಕವಿತೆ ಸರಾಗವಾಗಿ ಸೇರಿತು. ಮರುದಿನ ‘ಕೂಲಿ’ ಸೇರಿಸಲು ಹೋದರೆ ಈ ಸ್ಲಗ್ ಈಗಾಗಲೇ ಇದೆ ಎಂಬ ದೂರು ಬಂತು. ನೋಡಿದರೆ ಎರಡಕ್ಕೂ ‘ಕಲ’ ಎಂದೇ ಆಗಿದೆ! ಸ್ಲಗ್ ಜಾಗದಲ್ಲಿ ನಾನೇ ‘ಕೂಲಿ’ ಎಂದು ಬೆರಳಚ್ಚಿಸಿದರೂ ಒಪ್ಪುವುದಿಲ್ಲ. ಇದು ಜಾಂಗೋದ ದೋಷವೇ, ನನ್ನ ತಪ್ಪೇ? ಜಾಂಗೋದ ದೋಷಪಟ್ಟಿಯಲ್ಲಿ ದೂರು, ಅಂದರೆ ಟಿಕೆಟ್, ಹಾಕೋಣ ಎಂದರೆ, ‘ಅಲ್ಲಿ ಇಪ್ಪತ್ತು ವರ್ಷ ಕೊಳೆತ ಟಿಕೆಟ್‌ಗಳಿವೆ, ಕನ್ನಡವನ್ನು ಯಾರು ಕೇಳುತ್ತಾರೆ’ ಎಂದು ಗೆಳೆಯರು ನಗುತ್ತಾರೆ. ಕೋಡ್ ತಿದ್ದಿ ಕಳಿಸುವ ಧೈರ್ಯ ಇನ್ನೂ ಬಂದಿಲ್ಲ. ಏನು ಮಾಡಲಿ?
(ಓದುಗರು, ದಾವಣಗೆರೆ)

ಉತ್ತರ: ತಪ್ಪು ನಿಮ್ಮದಲ್ಲ. ಅದು ಪೂರ್ತಿ ಜಾಂಗೋದ್ದು ಎನ್ನಲೂ ಆಗದು. ಈ ದೋಷ ನಿಮ್ಮ ಕಣ್ಣಿಗೆ ಬಿದ್ದದ್ದು ಒಂದು ಮನೆಯಲ್ಲಿ, ಅದರ ಹೆಚ್ಚಿನ ಪಾಲು ಹುಟ್ಟಿದ್ದು ಇನ್ನೊಂದು ಮನೆಯಲ್ಲಿ. ಯಾವ ಪಾಲು ಯಾರದು ಎಂದು ಬಿಡಿಸಿಕೊಂಡು ಹೋದವರ ಟಿಕೆಟ್ ಮುಂದೆ ಸಾಗುತ್ತದೆ, ‘ನಿಮ್ಮ ತಂತ್ರಾಂಶದಲ್ಲಿ ಕನ್ನಡ ಕೆಟ್ಟಿದೆ’ ಎಂದಷ್ಟೇ ಬರೆದವರದು ನಿಂತುಹೋಗುತ್ತದೆ. ಹಾಗಾಗಿ ಮೊದಲು ರೋಗ ಯಾವುದೆಂದು ನೋಡೋಣ, ದೂರಿನ ವಿಷಯ ಆಮೇಲೆ.

ನಿಮ್ಮ ಗಣಕದಲ್ಲಿ ಪೈಥಾನ್ ತೆರೆದು ‘ಕೂಲಿ’ ಎಂಬ ಪದವನ್ನು ಒಂದೊಂದೇ ಸಂಕೇತವಾಗಿ ಮುದ್ರಿಸಿ. ಕಣ್ಣಿಗೆ ಎರಡಕ್ಷರ, ಗಣಕಕ್ಕೆ ನಾಲ್ಕು ತುಂಡು: ಕ, ದೀರ್ಘ ಊ ಸ್ವರದ ಚಿಹ್ನೆ, ಲ, ಇ ಸ್ವರದ ಚಿಹ್ನೆ. ಜಗತ್ತಿನ ಲಿಪಿಗಳ ಇಂಥ ತುಂಡುಗಳಿಗೆ ಸಂಕೇತ ಕೊಡುವ ಮಾನದಂಡದ ಹೆಸರು ಯೂನಿಕೋಡ್. ಪೈಥಾನಿನ ಯೂನಿಕೋಡ್ ಡೇಟಾ ಎಂಬ ಮಾಡ್ಯೂಲನ್ನು ಕೇಳಿದರೆ ಪ್ರತಿ ತುಂಡಿನ ವರ್ಗವನ್ನೂ ಹೇಳುತ್ತದೆ. ಕ ಮತ್ತು ಲ ‘ಅಕ್ಷರ’ ವರ್ಗಕ್ಕೆ ಸೇರುತ್ತವೆ, ಉಳಿದೆರಡು ‘ಚಿಹ್ನೆ’ ವರ್ಗಕ್ಕೆ. ನಮ್ಮ ಕಾಗುಣಿತದ ಸ್ವರಚಿಹ್ನೆಗಳೆಲ್ಲ, ಅನುಸ್ವಾರ ವಿಸರ್ಗಗಳು, ಒತ್ತಕ್ಷರ ಮೂಡಿಸುವ ಹಲಂತ, ಎಲ್ಲವೂ ಈ ಚಿಹ್ನೆಗಳ ಸಾಲಿನಲ್ಲಿಯೇ ಇವೆ. ಯೂನಿಕೋಡಿನ ಈ ವಿಂಗಡಣೆ ತಪ್ಪಲ್ಲ. ಚಿಹ್ನೆ ಎಂದರೆ ಕಸ ಎಂದು ಯೂನಿಕೋಡ್ ಎಲ್ಲಿಯೂ ಹೇಳಿಲ್ಲ.

ಕಸ ಎಂದು ಗುಡಿಸಿದ್ದು ಮುಂದಿನ ಹಂತ. ಜಾಂಗೋದಲ್ಲಿ ಶೀರ್ಷಿಕೆಯನ್ನು ವಿಳಾಸವಾಗಿಸುವ ಫಂಕ್ಷನ್ನಿನ ಹೆಸರು ಸ್ಲಗಿಫೈ. ಅದಕ್ಕೆ ಯೂನಿಕೋಡ್ ಅನುಮತಿ ಕೊಡದಿದ್ದರೆ ರೋಮನ್ ಲಿಪಿ ಬಿಟ್ಟು ಮಿಕ್ಕದ್ದನ್ನೆಲ್ಲ ಬಿಸಾಡುತ್ತದೆ, ‘ಕೂಲಿ’ಗೆ ಖಾಲಿ ಪದ ಬರುತ್ತದೆ. ಅನುಮತಿ ಕೊಡುವ ಆಯ್ಕೆ ಬಂದದ್ದು 2015ರ ಡಿಸೆಂಬರಿನ 1.9 ಆವೃತ್ತಿಯಲ್ಲಿ. ಕೊಟ್ಟರೆ ಅದು ಮೊದಲು ಪಠ್ಯವನ್ನು ಯೂನಿಕೋಡಿನ ಒಂದು ನಿಯತ ರೂಪಕ್ಕೆ ತಂದು, ಬಳಿಕ ಪಠ್ಯದಲ್ಲಿ ಮಾದರಿ ಹುಡುಕುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಿಂದ ‘ಪದದ ಅಕ್ಷರ, ಖಾಲಿ ಜಾಗ, ಅಡ್ಡಗೆರೆ’ ಬಿಟ್ಟು ಉಳಿದದ್ದನ್ನೆಲ್ಲ ಅಳಿಸುತ್ತದೆ. ಯಾವುದು ಪದದ ಅಕ್ಷರ ಎಂದು ತೀರ್ಮಾನಿಸುವುದು ಜಾಂಗೋ ಅಲ್ಲ, ಆ ಮಾದರಿಯಲ್ಲಿ ‘\w’ ಎಂದು ಬರೆಯುವ, ಪೈಥಾನಿನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು. ಅದರ ಲೆಕ್ಕದಲ್ಲಿ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ ಪದದ ಅಕ್ಷರಗಳು. ಚಿಹ್ನೆಗಳಿಗೆ ಅಲ್ಲಿ ಜಾಗವಿಲ್ಲ. ಕನ್ನಡದ ಪಠ್ಯ ಆ ಜರಡಿಯಿಂದ ಇಳಿದಾಗ ಗುಣಿತ, ಅನುಸ್ವಾರ, ಹಲಂತ ಎಲ್ಲವೂ ಉದುರಿ ಬರಿಯ ತಲಕಟ್ಟಿನ ಅಕ್ಷರಗಳು ಉಳಿಯುತ್ತವೆ. ‘ಬೆಂಗಳೂರು’ ಎಂಬುದು ‘ಬಗಳರ’ ಆಗುತ್ತದೆ, ‘ಹಾಸನ’ ‘ಹಸನ’ವಾಗುತ್ತದೆ, ‘ಕನ್ನಡ’ವೇ ‘ಕನನಡ’ ಆಗಿ ಕೂರುತ್ತದೆ. ಕಾಲ, ಕಾಲು, ಕಲೆ, ಕಲಿ, ಕೀಲು, ಕೂಲಿ, ಕೋಲು, ಎಲ್ಲವೂ ‘ಕಲ’. ಹೊಲ, ಹಾಲು, ಹುಲಿ ಮೂರೂ ‘ಹಲ’. ನಿಮ್ಮ ಬಳಗದ ಕವಿಗಳು ಚಿಕ್ಕ ಶೀರ್ಷಿಕೆಗಳನ್ನು ಮೆಚ್ಚುವವರಾದರೆ ಈ ಘರ್ಷಣೆ ಇನ್ನೂ ಹತ್ತಾರು ಸಲ ಆಗುತ್ತದೆ.

ಹಳೆಯ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವವನು ಒತ್ತು, ಕೊಂಬು, ದೀರ್ಘಗಳ ಪೆಟ್ಟಿಗೆಯನ್ನು ಮನೆಯಲ್ಲಿಯೇ ಮರೆತು ಬಂದು ಪುಟ ಕಟ್ಟಿದರೆ ಹೇಗೋ ಹಾಗೆ. ಹೋಲಿಕೆ ಸುಮ್ಮನೆ ತಂದದ್ದಲ್ಲ. ಸ್ಲಗ್ ಎಂಬುದು ಪತ್ರಿಕಾ ಕಚೇರಿಯ ಪದ, ಒಂದು ಸುದ್ದಿಗೆ ಒಳಗಿನವರು ಇಟ್ಟುಕೊಳ್ಳುವ ಗಿಡ್ಡ ಹೆಸರು. ಜಾಂಗೋ ಹುಟ್ಟಿದ್ದೂ ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ‘ಲಾರೆನ್ಸ್ ಜರ್ನಲ್ ವರ್ಲ್ಡ್’ ಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ 2003ರಲ್ಲಿ ಶುರುಮಾಡಿದ ಕೆಲಸ ಅದು, 2005ರ ಜುಲೈಯಲ್ಲಿ ಎಲ್ಲರಿಗೂ ಮುಕ್ತವಾಯಿತು. ಇಂಗ್ಲಿಷ್ ಸುದ್ದಿಮನೆಯ ಅಗತ್ಯಕ್ಕೆ ಹೊಲಿದ ಅಂಗಿ ನಮ್ಮ ಮೈಗೆ ಒಂದೆರಡು ಕಡೆ ಬಿಗಿಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಯುರೋಪಿನವರಿಗೆ ಇದು ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ಬರಬಹುದು. ಫ್ರೆಂಚರಿಗೂ ಜರ್ಮನರಿಗೂ ಅಕ್ಷರದ ತಲೆಯ ಮೇಲೆ ಚುಕ್ಕೆ, ಗೆರೆಗಳಿವೆಯಲ್ಲ? ಇವೆ. ಆದರೆ ಅವರ ಗೆರೆಯುಳ್ಳ ಅಕ್ಷರಕ್ಕೆ ಯೂನಿಕೋಡಿನಲ್ಲಿ ಇಡಿಯಾದ ಒಂದು ಸಂಕೇತವೂ ಇದೆ. ಸ್ಲಗಿಫೈ ಮೊದಲು ಮಾಡುವ ನಿಯತ ರೂಪದ ಕೆಲಸದಲ್ಲಿ ಅಕ್ಷರವೂ ಗೆರೆಯೂ ಬೆಸೆದು ಒಂದೇ ‘ಅಕ್ಷರ’ವಾಗುತ್ತವೆ, ಜರಡಿಯಲ್ಲಿ ನಿಲ್ಲುತ್ತವೆ. ನಮ್ಮ ‘ಕೂ’ಗೆ ಅಂಥ ಇಡಿ ಸಂಕೇತವಿಲ್ಲ. ಅದು ಎಂದೆಂದಿಗೂ ಕ ಮತ್ತು ಚಿಹ್ನೆಯ ಜೋಡಿಯೇ. ಅಲ್ಲಿ ಕೋಡನ್ನು ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ.

ಪೈಥಾನಿನವರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ದೇವನಾಗರಿ ಪದಗಳು ತುಂಡು ತುಂಡಾಗುತ್ತಿವೆ ಎಂಬ ದೂರು ಅವರ ದೋಷಪಟ್ಟಿಗೆ ಸೇರಿದ್ದು 2007ರಲ್ಲಿ. ಯೂನಿಕೋಡ್ ಸಂಸ್ಥೆ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಿಗೆಂದೇ ಹೊರಡಿಸಿರುವ ತಾಂತ್ರಿಕ ಮಾನದಂಡವೂ ಚಿಹ್ನೆಗಳನ್ನು ಪದದ ಅಕ್ಷರಗಳೊಳಗೆ ಎಣಿಸಿ ಎಂದೇ ಸೂಚಿಸುತ್ತದೆ. ಆದರೂ ಪೈಥಾನಿನ ಜರಡಿ ಬದಲಾಗಿಲ್ಲ. ಇದರ ವಿಚಿತ್ರ ಎಂಥದೆಂದರೆ, ಪೈಥಾನ್ 3ರಲ್ಲಿ ನೀವು ಒಂದು ವೇರಿಯಬಲ್‌ಗೆ ‘ಕನ್ನಡ’ ಎಂದೇ ಹೆಸರಿಡಬಹುದು, ಹಲಂತವನ್ನೂ ಸೇರಿಸಿ ಅದು ಸಂತೋಷವಾಗಿ ಒಪ್ಪುತ್ತದೆ. ಅದೇ ಪದವನ್ನು ‘ನೀನು ಬರಿಯ ಅಕ್ಷರಗಳಿಂದ ಆದದ್ದೇ’ ಎಂದು ಅದೇ ಪೈಥಾನಿನಲ್ಲಿ ಕೇಳಿದರೆ ‘ಅಲ್ಲ’ ಎಂಬ ಉತ್ತರ. ಒಂದೇ ಮನೆಯೊಳಗೆ ಎರಡು ನ್ಯಾಯ. ಬದಲಿಸಲು ಹಿಂಜರಿಕೆ ಏಕೆ ಎಂದೂ ಊಹಿಸಬಹುದು: ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ರಪಂಚದ ಲಕ್ಷಾಂತರ ಪ್ರೋಗ್ರಾಮ್‌ಗಳ ಹೊಟ್ಟೆಯಲ್ಲಿದೆ. ಅದರ ಅರ್ಥ ಕೂದಲೆಳೆಯಷ್ಟು ಸರಿದರೂ ಎಲ್ಲಿ ಏನು ಉರುಳುತ್ತದೆಂದು ಹೇಳುವಂತಿಲ್ಲ.

ಇಷ್ಟು ಓದಿದವರು ‘ಹಾಗಾದರೆ ಜಾಂಗೋ ಪಾಪ, ತಪ್ಪೆಲ್ಲ ಪೈಥಾನಿನದು’ ಎಂದು ಕೈ ತೊಳೆದುಕೊಳ್ಳಬಹುದು. ನಾನು ಹಾಗೆನ್ನುವುದಿಲ್ಲ. ನೀವು ಕವಿತೆ ಸೇರಿಸಿದ್ದು ಆಡಳಿತ ಪುಟದಲ್ಲಿ ಎಂದು ಊಹಿಸುತ್ತೇನೆ. ಶೀರ್ಷಿಕೆ ಬೆರಳಚ್ಚಿಸುತ್ತಿದ್ದಂತೆ ಕೆಳಗಿನ ಸ್ಲಗ್ ಜಾಗ ತಾನಾಗಿಯೇ ತುಂಬಿಕೊಂಡಿರಬೇಕು. ಆ ಕೆಲಸ ಪೈಥಾನಿನದಲ್ಲ, ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟಿನದು. ಅದಕ್ಕಾಗಿ ಜಾಂಗೋದಲ್ಲಿ ಯುಆರ್‌ಎಲ್‌ಇಫೈ ಎಂಬ ಪುಟ್ಟ ಕಡತವಿದೆ. ಅದನ್ನು ತೆರೆದು ಓದಿ, ದೊಡ್ಡದೇನಲ್ಲ. ಗ್ರೀಕ್, ರಷ್ಯನ್ ಮುಂತಾದ ಲಿಪಿಗಳನ್ನು ರೋಮನ್‌ಗೆ ತಿರುಗಿಸುವ ಉದ್ದುದ್ದ ಕೋಷ್ಟಕಗಳ ನಂತರ, ಯೂನಿಕೋಡ್ ಅನುಮತಿ ಇರುವಾಗ ಏನು ಉಳಿಸಬೇಕು ಎಂಬ ಒಂದು ಸಾಲು ಬರುತ್ತದೆ. ಅಲ್ಲಿ ‘ಅಕ್ಷರ ವರ್ಗ, ಅಂಕಿ ವರ್ಗ’ ಎಂದು ಹೆಸರು ಹಿಡಿದು ಬರೆದಿದ್ದಾರೆ, ಚಿಹ್ನೆ ವರ್ಗವನ್ನು ಬರೆದಿಲ್ಲ. ಇಲ್ಲಿ ಪೈಥಾನಿನ ಕಡೆ ಬೆರಳು ತೋರಿಸುವಂತಿಲ್ಲ, ಈ ಸಾಲು ಜಾಂಗೋದ ಸ್ವಂತ ಆಸ್ತಿ. ನಿಮ್ಮ ‘ಕೂಲಿ’ಯ ಗುಣಿತ ಮೊದಲು ಕಳೆದುಹೋದದ್ದು ಇದೇ ಸಾಲಿನಲ್ಲಿ.

ನೀವು ಕೈಯಿಂದ ‘ಕೂಲಿ’ ಎಂದು ಬರೆದಾಗ ಅಡ್ಡ ಬಂದದ್ದು ಮೂರನೆಯವನು, ಸ್ಲಗ್ ತಪಾಸಣೆಯ ವ್ಯಾಲಿಡೇಟರ್. ಅದೂ ಪೈಥಾನಿನ ಜರಡಿಯನ್ನೇ ನಂಬಿದೆ. ‘ಯೂನಿಕೋಡ್ ಅಕ್ಷರ, ಅಂಕಿ, ಅಡಿಗೆರೆ, ಅಡ್ಡಗೆರೆ ಮಾತ್ರ ಇರಬೇಕು’ ಎಂಬ ಅರ್ಥದ ಸಂದೇಶ ಬಂದಿರುತ್ತದೆ. ‘ಕೂಲಿ’ಯಲ್ಲಿ ಅಕ್ಷರವಲ್ಲದ್ದು ಏನಿದೆ ಎಂದು ನೀವು ತಲೆ ಕೆರೆದುಕೊಂಡಿರುತ್ತೀರಿ. ‘ಕಲ’ ಎಂಬ ಅಂಗಹೀನ ಪದ ಮಾತ್ರ ಆ ತಪಾಸಣೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಇಪ್ಪತ್ತು ವರ್ಷದ ಟಿಕೆಟ್ ಎಂದು ಅವರು ನಕ್ಕದ್ದು ಬಹುಶಃ 373ನೇ ಸಂಖ್ಯೆಯ ಟಿಕೆಟನ್ನು ನೆನೆದು. ಒಂದು ಕೋಷ್ಟಕಕ್ಕೆ ಎರಡು ಮೂರು ಕಾಲಮ್‌ಗಳನ್ನು ಕೂಡಿಸಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿನ ಗುರುತು, ಮಾಡಲು ಅವಕಾಶ ಕೊಡಿ ಎಂಬ ಕೋರಿಕೆ ಅದು. ಹಾಕಿದ್ದು 2005ರಲ್ಲಿ, ಈಡೇರಿದ್ದು 2025ರ ಏಪ್ರಿಲ್‌ನಲ್ಲಿ ಹೊರಬಂದ 5.2 ಆವೃತ್ತಿಯಲ್ಲಿ. ನಗುವ ಮೊದಲು ಅದೇಕೆ ಅಷ್ಟು ಕಾಲ ಹಿಡಿಯಿತು ಎಂದು ನೋಡಬೇಕು. ಪ್ರತಿ ಸಾಲಿಗೂ ಒಂದೇ ಕಾಲಮಿನ ಗುರುತು ಇರುತ್ತದೆ ಎಂಬ ನಂಬಿಕೆ ಜಾಂಗೋದ ಅಡಿಪಾಯದಲ್ಲಿಯೇ ಇತ್ತು. ಒಂದು ಕೋಷ್ಟಕದಿಂದ ಇನ್ನೊಂದರ ಸಾಲನ್ನು ತೋರಿಸುವ ಫಾರಿನ್ ಕೀ, ಆಡಳಿತ ಪುಟ, ಫಾರ್ಮ್‌ಗಳು, ಎಲ್ಲವೂ ಅದರ ಮೇಲೆ ಎದ್ದು ನಿಂತ ಗೋಡೆಗಳು. ಯಾರೂ ಬೇಡ ಎನ್ನಲಿಲ್ಲ, ಮುಗಿಸಲು ಆಗಲಿಲ್ಲ. ಕೊನೆಗೆ ಸಾಧ್ಯವಾದದ್ದು ಪೂರ್ತಿ ಆಸೆಯನ್ನು ಬಿಟ್ಟು ಒಂದು ತುಂಡನ್ನು ಹಿಡಿದಾಗ. 5.2ರಲ್ಲಿ ಇಂಥ ಕೂಡುಕೀಲಿಯ ಮಾಡೆಲ್ (ಕೋಷ್ಟಕದ ವಿವರಣೆ) ಬರೆಯಬಹುದು, ಆದರೆ ಅದಕ್ಕೆ ಫಾರಿನ್ ಕೀ ಹಾಕುವಂತಿಲ್ಲ, ಆಡಳಿತ ಪುಟದಲ್ಲಿ ಅದನ್ನು ನೋಂದಾಯಿಸುವಂತಿಲ್ಲ. ಅರೆಬರೆ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಅದೇ ಸರಿಯಾದ ದಾರಿ ಎನಿಸುತ್ತದೆ. ನಿಮ್ಮ ಸ್ಲಗ್ ವಿಷಯದಲ್ಲಿಯೂ ಪೈಥಾನ್ ಬದಲಾಗಲಿ, ಬಳಕೆದಾರರ ಹೆಸರೂ ಸರಿಯಾಗಲಿ, ಎಲ್ಲ ಭಾರತೀಯ ಭಾಷೆಗಳೂ ಒಟ್ಟಿಗೆ ಉದ್ಧಾರವಾಗಲಿ ಎಂದು ಒಂದೇ ಟಿಕೆಟಿನಲ್ಲಿ ಕೇಳಿದರೆ ಅದು ಇನ್ನೊಂದು 373 ಆಗುತ್ತದೆ.

ಜಾಂಗೋದ ಕೋಡ್ 2012ರಿಂದ, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿದ್ದರೂ ಟಿಕೆಟ್‌ಗಳು ಇರುವುದು ಟ್ರ್ಯಾಕ್ ಎಂಬ ಹಳೆಯ ವ್ಯವಸ್ಥೆಯಲ್ಲಿಯೇ. ಹೊಸಬರು ಗಿಟ್‌ಹಬ್‌ನಲ್ಲಿ ದೂರಿನ ಪುಟ ಹುಡುಕಿ ಸಿಗದೆ ಮರಳುವುದುಂಟು. ಹೊಸ ಟಿಕೆಟ್ ಬಂದಾಗ ಯಾರಾದರೂ ಓದಿ ವಿಂಗಡಿಸುತ್ತಾರೆ. ಬಹುಪಾಲು ಸ್ವಯಂಸೇವಕರು. ಜೊತೆಗೆ ಜಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಸಂಭಾವನೆ ಕೊಟ್ಟು ಇಟ್ಟುಕೊಂಡಿರುವ ‘ಫೆಲೋ’ಗಳಿದ್ದಾರೆ, ಆ ಏರ್ಪಾಡು 2014ರಲ್ಲಿ ಬಂದದ್ದು. ದೋಷ ನಿಜ ಎನಿಸಿದರೆ ‘ಅಂಗೀಕೃತ’ ಎಂಬ ಗುರುತು ಬೀಳುತ್ತದೆ. ಇಲ್ಲಿ ಹಲವರು ಎಡವುತ್ತಾರೆ. ಅಂಗೀಕೃತ ಎಂದರೆ ‘ಹೌದು, ಇದು ಸಮಸ್ಯೆಯೇ’ ಎಂದಷ್ಟೇ ಅರ್ಥ, ‘ಯಾರೋ ಕೂತು ಸರಿಪಡಿಸುತ್ತಿದ್ದಾರೆ’ ಎಂದಲ್ಲ. ಸರ್ಕಾರಿ ಕಡತಕ್ಕೆ ‘ಪರಿಶೀಲಿಸಲಾಗಿದೆ’ ಎಂಬ ಮೊಹರು ಬಿದ್ದಂತೆ. ಕೆಲಸ ಆಗಬೇಕಾದರೆ ಯಾರಾದರೂ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬರೆಯಬೇಕು, ಬರೆದವರಲ್ಲದ ಇನ್ನೊಬ್ಬರು ಓದಿ ‘ಸೇರಿಸಲು ಸಿದ್ಧ’ ಎನ್ನಬೇಕು. ತಮ್ಮ ಪ್ಯಾಚಿಗೆ ತಾವೇ ಹಾಗೆ ಗುರುತು ಹಾಕಿಕೊಳ್ಳುವುದು ಅಲ್ಲಿ ಸಲ್ಲದು.

‘ಸರಿಪಡಿಸುವುದಿಲ್ಲ’ ಎಂದು ಮುಚ್ಚುವ ಸಾಧ್ಯತೆಯೂ ಇದೆ. ಹಾಗಾದಾಗ ಟಿಕೆಟನ್ನು ನೀವೇ ಮತ್ತೆ ತೆರೆಯಬೇಡಿ. ಅದು ಅಲ್ಲಿಯ ಶಿಷ್ಟಾಚಾರಕ್ಕೆ ವಿರುದ್ಧ. ಅವರ ಚರ್ಚಾ ವೇದಿಕೆಯಲ್ಲಿ ವಿಷಯ ಎತ್ತಿ, ನಾಲ್ಕು ಜನರ ಒಪ್ಪಿಗೆ ಪಡೆದ ಮೇಲೆ ತೆರೆಯಬಹುದು. ನನ್ನ ಮೊದಲ ದೂರಿನ ಕಥೆ ಹೇಳಿದರೆ ನಿಮಗೆ ಧೈರ್ಯ ಬರಬಹುದು. ಅದು ಬೇರೊಂದು ಮುಕ್ತ ತಂತ್ರಾಂಶ, ಹೆಸರು ಬೇಡ. ಮೂರು ಪುಟ ಬರೆದಿದ್ದೆ. ಕನ್ನಡದ ಪ್ರಾಚೀನತೆ ಇತ್ತು, ಕೋಟಿಗಟ್ಟಲೆ ಜನ ಮಾತಾಡುವ ಭಾಷೆ ಎಂಬ ಮಾತಿತ್ತು, ದೊಡ್ಡದೊಂದು ಸ್ಕ್ರೀನ್‌ಶಾಟ್ ಇತ್ತು. ಇಲ್ಲದ್ದು ಒಂದೇ, ಅದನ್ನು ಓದಿದವನು ತನ್ನ ಗಣಕದಲ್ಲಿ ಓಡಿಸಿ ನೋಡಬಹುದಾದ ಎರಡು ಸಾಲಿನ ಕೋಡ್. ‘ಹೆಚ್ಚಿನ ಮಾಹಿತಿ ಬೇಕು’ ಎಂಬ ಒಂದು ಸಾಲಿನೊಂದಿಗೆ ಮುಚ್ಚಿಬಿಟ್ಟರು. ಎರಡು ದಿನ ಉರಿದುಕೊಂಡೆ. ಆರು ತಿಂಗಳ ಮೇಲೆ ನನ್ನದೇ ಬರಹವನ್ನು ಮತ್ತೆ ಓದಿದಾಗ, ಮುಚ್ಚಿದವನು ಮರ್ಯಾದೆಯಾಗಿಯೇ ನಡೆದುಕೊಂಡಿದ್ದ ಎನಿಸಿತು.

ಆದ್ದರಿಂದ ಬರೆಯುವ ಮೊದಲು ಟ್ರ್ಯಾಕಿನಲ್ಲಿ ಹುಡುಕಿ. ಸ್ಲಗಿಫೈ, ಯೂನಿಕೋಡ್, ಹಿಂದಿ, ತಮಿಳು, ಬಂಗಾಳಿ ಎಂಬ ಪದಗಳನ್ನೆಲ್ಲ ಹಾಕಿ ನೋಡಿ, ಮುಚ್ಚಿದ ಟಿಕೆಟ್‌ಗಳನ್ನೂ ಬಿಡಬೇಡಿ. ಹಳೆಯದು ಸಿಕ್ಕರೆ ಅಲ್ಲಿ ಆಗಿರುವ ವಾದವನ್ನು ಪೂರ್ತಿ ಓದಿ. ಅದರಲ್ಲಿ ಬಂದಿರದ ಒಂದು ಅಂಶ ನಿಮ್ಮ ಕೈಯಲ್ಲಿದ್ದರೆ ಮಾತ್ರ ಮುಂದಕ್ಕೆ ಹೋಗಿ. ಬ್ರೌಸರ್ ಕಡೆಯ ಆ ಸಾಲು ಅಂಥ ಅಂಶವಾಗಬಹುದು.

ಬರೆಯುವಾಗ ಕನ್ನಡ ಬಾರದ ಓದುಗನನ್ನು ಕಣ್ಣೆದುರು ಇಟ್ಟುಕೊಳ್ಳಿ. ಅವನಿಗೆ ‘ಕೂಲಿ’ ಮತ್ತು ‘ಕಲ’ ಎರಡೂ ದುಂಡು ದುಂಡಾದ ಚಿತ್ರಗಳು, ಅವುಗಳ ವ್ಯತ್ಯಾಸ ಎಷ್ಟು ಗಂಭೀರ ಎಂದು ತಿಳಿಯದು. ‘ಇಂಗ್ಲಿಷ್ ಶೀರ್ಷಿಕೆಯಿಂದ ಎ, ಇ, ಐ, ಓ, ಯು ಐದನ್ನೂ ಕಿತ್ತು ವಿಳಾಸ ಮಾಡಿದಂತೆ’ ಎಂದು ಬರೆಯಿರಿ, ಕೂಡಲೇ ಅರ್ಥವಾಗುತ್ತದೆ. ಅರ್ಥ ಬೇರೆಬೇರೆಯಾದ ಏಳು ಪದಗಳು ಒಂದೇ ಸ್ಲಗ್ ಆಗುವ ಪಟ್ಟಿಯನ್ನು ಅರ್ಥಸಹಿತ ಕೊಡಿ. ಅಂದಗೆಡುವುದು ಅಭಿರುಚಿಯ ಪ್ರಶ್ನೆ ಎನ್ನಬಹುದು, ಏಳು ಪುಟಗಳು ಒಂದರ ಮೇಲೊಂದು ಬೀಳುವುದನ್ನು ಯಾರೂ ಅಭಿರುಚಿ ಎನ್ನಲಾರರು. ಹಿಂದಿ, ತಮಿಳು, ಬಂಗಾಳಿ, ಮಲಯಾಳದ ಒಂದೊಂದು ಉದಾಹರಣೆ ಸೇರಿಸಿ. ಕನ್ನಡದ ಸ್ವಾಭಿಮಾನಕ್ಕೆ ಇದರಿಂದ ಕುಂದಿಲ್ಲ, ದೋಷ ಎಷ್ಟು ಅಗಲ ಎಂದು ತೋರಿಸಿದಂತಾಗುತ್ತದೆ.

ಎದುರು ವಾದಕ್ಕೂ ಸಿದ್ಧರಾಗಿರಿ. ಮೂರು ಬಗೆಯ ಮಾತು ಬರಬಹುದು. ಒಂದು, ಅರಬಿ ಮತ್ತು ಹೀಬ್ರೂ ಲಿಪಿಗಳಲ್ಲಿ ಸ್ವರದ ಚಿಹ್ನೆ ಹಾಕುವುದು ಬಿಡುವುದು ಬರೆಯುವವರ ಇಷ್ಟ, ವಿಳಾಸದಲ್ಲಿ ಅವು ಉದುರಿಹೋಗುವುದೇ ಅಲ್ಲಿ ಅನುಕೂಲ. ಇದು ನ್ಯಾಯವಾದ ಮಾತು, ತಳ್ಳಿಹಾಕಬೇಡಿ. ನಮ್ಮಲ್ಲಿ ಗುಣಿತ ಕಡ್ಡಾಯ, ಅವರಲ್ಲಿ ಐಚ್ಛಿಕ, ಎರಡಕ್ಕೂ ಒಂದೇ ನಿಯಮ ಸಾಕೇ ಎಂಬುದು ನಿಜವಾಗಿಯೂ ಕೂತು ಯೋಚಿಸಬೇಕಾದ ವಿಷಯ. ಇನ್ನೊಂದು, ಈಗಿರುವ ತಾಣಗಳ ಗತಿ. ಸ್ಲಗಿಫೈ ಬದಲಾದರೆ, ಉಳಿಸಿದಾಗಲೆಲ್ಲ ಸ್ಲಗನ್ನು ಹೊಸದಾಗಿ ತಯಾರಿಸುವ ತಾಣಗಳಲ್ಲಿ ವಿಳಾಸ ಸದ್ದಿಲ್ಲದೆ ಬದಲಾಗಿ ಹಳೆಯ ಕೊಂಡಿಗಳು ಮುರಿಯುತ್ತವೆ. ಹಿಂದೊಮ್ಮೆ ಸ್ಲಗಿನ ತುದಿಗಳಲ್ಲಿ ಉಳಿಯುವ ಅಡ್ಡಗೆರೆಗಳನ್ನು ತೆಗೆಯುವಂಥ ಸಣ್ಣ ಬದಲಾವಣೆಯನ್ನೂ ಬಿಡುಗಡೆ ಟಿಪ್ಪಣಿಯಲ್ಲಿ ಹೇಳಿಯೇ ಮಾಡಿದ್ದರು. ಮೂರನೆಯದು, ಚಿಹ್ನೆಗಳನ್ನು ಸರಿಯಾಗಿ ಎಣಿಸುವ ‘ರೆಜೆಕ್ಸ್’ ಎಂಬ ಹೊರಗಿನ ಲೈಬ್ರರಿಯನ್ನು ನೀವು ಸೂಚಿಸಿದರೆ ಬರುವ ಆಕ್ಷೇಪ. ಜಾಂಗೋಗೆ ಹೊರಗಿನ ಅವಲಂಬನೆಗಳು ಬೆರಳೆಣಿಕೆಯಷ್ಟು. ಒಂದು ಫಂಕ್ಷನ್ನಿಗಾಗಿ ಇನ್ನೊಂದನ್ನು ತರಲು ಅವರು ಒಪ್ಪಲಾರರು, ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಪೈಥಾನಿನ ಜೊತೆಗೇ ಬರುವ ಯೂನಿಕೋಡ್ ಡೇಟಾದಿಂದ ಪ್ರತಿ ಸಂಕೇತದ ವರ್ಗ ಕೇಳಿ ಅಕ್ಷರ, ಚಿಹ್ನೆ, ಅಂಕಿಗಳನ್ನು ಉಳಿಸಿಕೊಂಡರೆ ಸಾಕು.

ಪ್ಯಾಚ್ ಬರೆಯುವವರು ಯಾರೇ ಆಗಲಿ, ಕ್ರಮ ಮುಖ್ಯ. ಬ್ರೌಸರ್ ಕಡೆಯ ಸಾಲನ್ನು ತಿದ್ದುವುದು ಎಲ್ಲಕ್ಕಿಂತ ಸುಲಭ, ಚಿಹ್ನೆ ವರ್ಗದ ಹೆಸರು ಸೇರಿಸಿದರೆ ಮುಗಿಯಿತು. ಆದರೆ ಅದನ್ನೇ ಮೊದಲು ಮಾಡಿದರೆ ಅನಾಹುತ. ಆಡಳಿತ ಪುಟ ‘ಕೂಲಿ’ ಎಂದು ತುಂಬಿಸುತ್ತದೆ, ವ್ಯಾಲಿಡೇಟರ್ ಅದನ್ನು ಒದ್ದು ಓಡಿಸುತ್ತದೆ, ಈವರೆಗೆ ಕುಂಟುತ್ತಲಾದರೂ ನಡೆಯುತ್ತಿದ್ದ ತಾಣ ನಿಂತೇಹೋಗುತ್ತದೆ. ಮೊದಲು ವ್ಯಾಲಿಡೇಟರ್ ಬಾಗಿಲು ತೆರೆಯಬೇಕು. ಅದರಿಂದ ಹಳೆಯ ಯಾವ ಸ್ಲಗೂ ಕೆಡುವುದಿಲ್ಲ, ಒಪ್ಪದಿದ್ದದ್ದನ್ನು ಒಪ್ಪಿದಂತಾಗುತ್ತದೆ ಅಷ್ಟೇ. ನಿಮ್ಮ ಟಿಕೆಟಿನಲ್ಲಿ ಕೇಳಬೇಕಾದದ್ದೂ ಇದನ್ನೇ, ಇದೊಂದನ್ನೇ. ಸ್ಲಗಿಫೈ ಮತ್ತು ಬ್ರೌಸರಿನ ಕಡತ ಜೋಡಿಯಾಗಿ ಎರಡನೆಯ ಹೆಜ್ಜೆಯಲ್ಲಿ ಬರಲಿ.

ಕೋಡ್ ಕಳಿಸುವ ಧೈರ್ಯ ಇಲ್ಲ ಎಂದಿರಿ. ಪರೀಕ್ಷೆ, ಅಂದರೆ ಕೋಡ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಪುಟ್ಟ ಕೋಡ್, ಬರೆಯುವ ಧೈರ್ಯ ಸಾಕು. ಜಾಂಗೋದ ಮೂಲದಲ್ಲಿ ಟೆಸ್ಟ್ಸ್ ಎಂಬ ದೊಡ್ಡ ಫೋಲ್ಡರ್ ಇದೆ. ಅದರೊಳಗೆ ವ್ಯಾಲಿಡೇಟರ್‌ಗಳಿಗೆಂದೇ ಒಂದು, ಸ್ಲಗಿಫೈ ಮುಂತಾದ ಪಠ್ಯದ ಕೆಲಸಗಳಿಗೆ ಯುಟಿಲ್ಸ್ ಟೆಸ್ಟ್ಸ್ ಎಂಬ ಇನ್ನೊಂದು ಇವೆ. ಹೀಗೆ ಕೊಟ್ಟರೆ ಹೀಗೆ ಬರಬೇಕು ಎಂಬ ಜೋಡಿಗಳ ಸಾಲುಗಳು ಅಲ್ಲಿ ಸಿಗುತ್ತವೆ. ವ್ಯಾಲಿಡೇಟರ್ ಪರೀಕ್ಷೆಗಳಿಗೆ ‘ಕೂಲಿ ಕೊಟ್ಟರೆ ಒಪ್ಪಬೇಕು’ ಎಂಬ ಒಂದು ಸಾಲು ಸೇರಿಸಿ ಓಡಿಸಿ. ಎಸ್‌ಕ್ಯೂಲೈಟ್ ಸಾಕು, ಬೇರೆ ಡೇಟಾಬೇಸ್ ಬೇಡ. ಅದು ಸೋಲುತ್ತದೆ. ಆ ಸೋತ ಪರೀಕ್ಷೆಯನ್ನೇ ಟಿಕೆಟಿಗೆ ಅಂಟಿಸಿ. ಹತ್ತು ಪ್ಯಾರಾ ವಿವರಣೆಗಿಂತ ಸೋಲುವ ಒಂದು ಪರೀಕ್ಷೆಗೆ ಅಲ್ಲಿ ಬೆಲೆ ಹೆಚ್ಚು. ಮುಂದೆ ಯಾರಾದರೂ ತಿದ್ದುಪಡಿ ಬರೆದರೆ ಗೆದ್ದಿತೋ ಇಲ್ಲವೋ ಎಂದು ಅಳೆಯುವುದು ಅದರಿಂದಲೇ. ‘ರ‍್ಯಾಂಕ್’, ‘ಸಾಫ್ಟ್‌ವೇರ್’ ಎಂದು ಬರೆಯುವಾಗ ನಾವು ಬಳಸುವ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನೂ ಒಂದು ಸಾಲಿನಲ್ಲಿ ಇಟ್ಟು ನೋಡಿ. ಅವು ಚಿಹ್ನೆ ವರ್ಗಕ್ಕೂ ಸೇರುವುದಿಲ್ಲ, ವರ್ಗ ನೋಡಿ ಮಾಡುವ ತಿದ್ದುಪಡಿಯಲ್ಲಿಯೂ ಉದುರಿಬಿಡುತ್ತವೆ. ನಮ್ಮಂಥವರು ಹೇಳದಿದ್ದರೆ ಇದು ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಎಲ್ಲವೂ ಸುಸೂತ್ರವಾದರೂ ನಿಮ್ಮ ತಾಣಕ್ಕೆ ಇದು ನಾಳೆ ಬರುವುದಿಲ್ಲ. ಜಾಂಗೋದ ಹೊಸ ಆವೃತ್ತಿ ಸುಮಾರು ಎಂಟು ತಿಂಗಳಿಗೊಮ್ಮೆ. ಈಗಾಗಲೇ ಹೊರಬಂದ ಆವೃತ್ತಿಗಳಿಗೆ ಭದ್ರತೆ, ದತ್ತಾಂಶ ನಷ್ಟದಂಥ ಗಂಭೀರ ದೋಷಗಳ ತಿದ್ದುಪಡಿ ಮಾತ್ರ ಹಿಂದಿರುಗಿ ಬರುತ್ತದೆ. ಇದು ಆ ಸಾಲಿಗೆ ಸೇರದು. ಅಲ್ಲಿಯವರೆಗೆ ನಿಮ್ಮದೇ ಪುಟ್ಟ ಫಂಕ್ಷನ್ ಬರೆದುಕೊಳ್ಳಿ, ಹತ್ತು ಸಾಲು ಮೀರುವುದಿಲ್ಲ. ಮಾಡೆಲಿನಲ್ಲಿ ಸ್ಲಗ್ ಫೀಲ್ಡ್ ಬದಲು ಸಾಮಾನ್ಯ ಕ್ಯಾರೆಕ್ಟರ್ ಫೀಲ್ಡ್ ಇಟ್ಟು ತಪಾಸಣೆಯನ್ನು ನೀವೇ ಹಾಕಿ. ವಿಳಾಸದ ಮಾದರಿಯಲ್ಲಿ ‘ಸ್ಲಗ್’ ಎಂಬ ಪರಿವರ್ತಕವನ್ನು ಬಳಸಬೇಡಿ, ಅದು ರೋಮನ್ ಅಕ್ಷರಗಳಿಗಷ್ಟೇ ಬಾಗಿಲು ತೆರೆಯುತ್ತದೆ. ‘ಎಸ್‌ಟಿಆರ್’ ಹಾಕಿ.

ಇನ್ನೂ ಒಂದು ಮಾತು, ಇದು ನನ್ನ ಸ್ವಂತ ಅಭಿಪ್ರಾಯ. ವಿಳಾಸದಲ್ಲಿ ಕವಿತೆಯ ಕ್ರಮಸಂಖ್ಯೆಯನ್ನೂ ಸೇರಿಸಿ, ಪುಟ ಹುಡುಕುವುದನ್ನು ಆ ಸಂಖ್ಯೆಯಿಂದಲೇ ಮಾಡಿ, ಕನ್ನಡ ಪದ ಓದುಗರ ಕಣ್ಣಿಗಾಗಿ ಇರಲಿ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಕೊಂಡಿಯನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಒಂದೊಂದು ಬೈಟೂ ಶೇಕಡಾ ಗುರುತಿನೊಂದಿಗೆ ಮೂರು ಅಕ್ಷರವಾಗುತ್ತದೆ. ‘ಬೆಂಗಳೂರು’ ಎಂಬ ಎಂಟು ಸಂಕೇತ 72 ಅಕ್ಷರಗಳ ಗೋಜಲಾಗಿ ವಾಟ್ಸ್‌ಆ್ಯಪ್‌ನಲ್ಲಿ ಬೀಳುತ್ತದೆ. ಉದ್ದದ ಶೀರ್ಷಿಕೆಯಾದರೆ ಕೊನೆ ತುಂಡಾಗುವುದೂ ಉಂಟು. ಸಂಖ್ಯೆ ಮುಂದೆ ಇದ್ದರೆ ಬಾಲ ತುಂಡಾದರೂ ಪುಟ ಸಿಗುತ್ತದೆ. ಈಗಾಗಲೇ ‘ಕಲ’ ಎಂಬ ವಿಳಾಸವನ್ನು ಯಾರಿಗಾದರೂ ಕಳಿಸಿದ್ದರೆ ಜಾಂಗೋದಲ್ಲಿಯೇ ಇರುವ ರೀಡೈರೆಕ್ಟ್ಸ್ ಆ್ಯಪಿನಿಂದ ಹಳೆಯದನ್ನು ಹೊಸದಕ್ಕೆ ತಿರುಗಿಸಿ.

ನಿಮ್ಮ ಬಳಗದ ಸದಸ್ಯರು ಕನ್ನಡದಲ್ಲಿಯೇ ಬಳಕೆದಾರ ಹೆಸರು ಇಟ್ಟುಕೊಳ್ಳಲು ಹೊರಟರೆ ಅಲ್ಲಿಯೂ ಇದೇ ಗೋಡೆ ಎದುರಾಗುತ್ತದೆ. ಆ ತಪಾಸಣೆಯೂ ಅದೇ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯುವನ್ನು ನಂಬಿದೆ. ಆದರೆ ಅದನ್ನು ಈ ಟಿಕೆಟಿಗೆ ಬೆರೆಸಬೇಡಿ. ಹೆಸರಿನಲ್ಲಿ ಚಿಹ್ನೆಗಳಿಗೆ ಮುಕ್ತದ್ವಾರ ಕೊಟ್ಟರೆ ಒಂದಕ್ಷರದ ಮೇಲೆ ಐವತ್ತು ಚಿಹ್ನೆ ಪೇರಿಸುವ ಕಿಡಿಗೇಡಿಗಳು, ಇನ್ನೊಬ್ಬರ ಹೆಸರಿನಂತೆ ಕಾಣುವ ಹೆಸರು ಕಟ್ಟುವ ವಂಚಕರು ಬರುತ್ತಾರೆ. ಅದು ಭದ್ರತೆಯ ಪ್ರಶ್ನೆ, ಬೇರೆಯೇ ಚರ್ಚೆ. ಹಾಗೆಯೇ ಎಂದಾದರೂ ನಿಜವಾದ ಭದ್ರತಾ ದೋಷ ಕಂಡರೆ ಟ್ರ್ಯಾಕಿನಲ್ಲಿ ಹಾಕಲೇಬೇಡಿ, ಅದಕ್ಕೆಂದೇ ಜಾಂಗೋ ತಂಡದ ಖಾಸಗಿ ಇಮೇಲ್ ವಿಳಾಸ ಅವರ ದಾಖಲೆಗಳಲ್ಲಿದೆ.

ಕೊನೆಗೆ ಆ ದೋಷಸಂದೇಶ. ಜಾಂಗೋದ ಬೆಂಬಲಿತ ಭಾಷೆಗಳಲ್ಲಿ ಕನ್ನಡವೂ ಒಂದು, ಅದರ ಅನುವಾದ ಕಡತವೂ ಇದೆ. ಸಂದೇಶದ ಕನ್ನಡ ನಿಮಗೆ ಒಡ್ಡೊಡ್ಡಾಗಿ ಕಂಡರೆ, ಅಥವಾ ಇಂಗ್ಲಿಷಿನಲ್ಲಿಯೇ ಉಳಿದಿದ್ದರೆ, ಅದಕ್ಕೆ ಟಿಕೆಟ್ ಹಾಕುವ ಪದ್ಧತಿ ಇಲ್ಲ. ಅನುವಾದದ ಕೆಲಸವೆಲ್ಲ ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ ನಡೆಯುತ್ತದೆ, ಅಲ್ಲಿ ಕನ್ನಡ ತಂಡಕ್ಕೆ ಸೇರಿ ನೇರವಾಗಿ ತಿದ್ದಬಹುದು. ಅದಕ್ಕೆ ಪೈಥಾನ್ ಬರಬೇಕೆಂದೇನೂ ಇಲ್ಲ, ನಿಮ್ಮ ಬಳಗದ ಕವಿಗಳನ್ನೂ ಕರೆದುಕೊಂಡು ಹೋಗಿ.